ಎಂಟರ ಗೆರೆ

ನನಗೆ ಮೊದಲಿನಿಂದಲೂ ಬಾಯಿ ಜಾಸ್ತಿ. ಧಾರವಾಡದಿಂದ ಬಂದು ಗೋವೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಹನ್ನೊಂದು ವರ್ಷವಾಗಿತ್ತು. ತೀವ್ರ ನಿಗಾ ವಾರ್ಡಿನಲ್ಲಿ ಕನ್ನಡ ಬರುವವಳು ನಾನೊಬ್ಬಳೇ. ಹಾಗಾಗಿ ನಮ್ಮ ಕಡೆಯ ರೋಗಿ ಬಂದರೆ ಮನೆಯವರಿಗೆ ಸಮಾಧಾನ ಹೇಳುವ ಕೆಲಸವೂ ನನ್ನ ತಲೆಗೇ. ೧೯೮೭ರಲ್ಲಿ ಚಂದ್ರಿಬಾಯಿಗೆ ಹೇಳಿದ ಸಮಾಧಾನವನ್ನು ಮಾತ್ರ ಇವತ್ತಿಗೂ ಮರೆತಿಲ್ಲ.

ಅವಳ ಗಂಡ ಹೀರಪ್ಪ ಡಿಚೋಲಿಯ ಗಣಿಯಲ್ಲಿ ಅದಿರು ತುಂಬುತ್ತಿದ್ದ. ವಿಜಾಪುರ ಕಡೆಯ ತಾಂಡಾದವರು. ಟೈಫಾಯ್ಡನ್ನು ಮೂರು ವಾರ ಗುಳಿಗೆಯಲ್ಲೇ ತಳ್ಳಿ, ಕರುಳು ತೂತಾದ ಮೇಲೆ ಕರೆತಂದಿದ್ದರು. ಆಪರೇಶನ್ ಆಯಿತು, ಆದರೆ ನಂಜು ರಕ್ತಕ್ಕೇರಿತ್ತು. ಕುತ್ತಿಗೆಯ ರಕ್ತನಾಳದೊಳಗಿಂದ ಹೃದಯದ ಬಾಗಿಲವರೆಗೆ ಸಣ್ಣ ನಳಿಗೆ ಇಳಿಸಿದ್ದೆವು. ಅದರ ಇನ್ನೊಂದು ತುದಿ ಮಂಚದ ಪಕ್ಕ ನೆಟ್ಟಗೆ ಕಟ್ಟಿದ ಕೊಳವೆಗೆ. ಆ ಕೊಳವೆಯಲ್ಲಿ ಸಲೈನ್ ನೀರು ಎಷ್ಟು ಸೆಂಟಿಮೀಟರಿಗೆ ನಿಲ್ಲುತ್ತದೋ ಅಷ್ಟು, ಹೃದಯಕ್ಕೆ ಮರಳುವ ರಕ್ತದ ಒತ್ತಡ. ಅವನದು ಮೂರಕ್ಕೆ ನಿಂತಿತ್ತು. ಮೈಯಲ್ಲಿ ನೀರು ಸಾಲದು ಎಂದರ್ಥ, ಅದಕ್ಕೇ ಸಲೈನನ್ನು ಜೋರಾಗಿ ಬಿಟ್ಟಿದ್ದೆವು.

"ಅಕ್ಕಾರ, ನಮ್ಮವರು ಉಳೀತಾರೇನ್ರಿ?" ಎಂದು ಚಂದ್ರಿಬಾಯಿ ಹತ್ತನೇ ಸಲ ಕೇಳಿದಾಗ ನನಗೆ ರೇಗಿತು.

"ಆ ನೀರ ನೋಡ್ಕೊಂತ ಕುಂದ್ರವಾ. ಎಂಟರ ಗೆರಿಗೆ ಬಂತಂದ್ರ ಚಲೋ ಆದಂಗ."

ಅವಳಿಗೆ ಓದು ಬರದು. ಎಂಟರ ಗೆರೆಯನ್ನು ಬೆರಳಿಟ್ಟು ತೋರಿಸಿದೆ. ಅಲ್ಲಿಂದ ಅವಳು ಗಂಡನ ಮುಖ ನೋಡುವುದನ್ನು ಬಿಟ್ಟು, ನಾನು ತಾಸಿಗೊಮ್ಮೆ ಅಳೆಯುವಾಗ ಕೊಳವೆಯನ್ನೇ ನೋಡತೊಡಗಿದಳು. ಹೊರಗಿರಬೇಕಾದವಳನ್ನು ಒಳಗೆ ಬಿಟ್ಟುಕೊಂಡವಳೂ ನಾನೇ.

ಮರುದಿನ ಬೆಳಿಗ್ಗೆ ಅವಳು ಮನೆಯಿಂದ ಕೌದಿ ತಂದಳು. "ಎಷ್ಟ ಮಂದಿ ಸತ್ತ ಹಾಸಿಗಿ ಇದು. ನಮ್ಮತ್ತಿ ಹೊಲಿದ ಕೌದಿ ಮ್ಯಾಲೆ ಮಲಗಲಿ ಬಿಡ್ರಿ."

ಬೇಡ ಎನ್ನಬೇಕಿತ್ತು. ಆದರೆ ನಮ್ಮವ್ವನೂ ಜ್ವರ ಬಂದವರನ್ನು ಅವರವರ ಕೌದಿ ಬಿಟ್ಟು ಬೇರೆಯದರ ಮೇಲೆ ಮಲಗಿಸುತ್ತಿರಲಿಲ್ಲ. ಮೈ ಒರೆಸುವಾಗ ನಾನೇ ಹೀರಪ್ಪನನ್ನು ಹೊರಳಿಸಿ ಹಿಡಿದೆ. ಅವಳು ಕೌದಿಯನ್ನು ಮಡಿಕೆ ಮೇಲೆ ಮಡಿಕೆ ಮಾಡಿ ಬೆನ್ನಿನಡಿ ತಳ್ಳಿದಳು. ಹಳೆಯ ಸೀರೆಗಳ ಪದರ, ಮಡಚಿದರೆ ದಿಂಬಿನಷ್ಟು ದಪ್ಪ.

ಹನ್ನೆರಡಕ್ಕೆ ಅಳೆದೆ. ನೀರು ಹತ್ತಕ್ಕೆ ನಿಂತಿತು.

ಚಂದ್ರಿಬಾಯಿ ನನ್ನ ಕಾಲು ಮುಟ್ಟಲು ಬಂದಳು. ನನಗೂ ಹಿಗ್ಗು. ಡಾಕ್ಟರಿಗೆ ಹತ್ತು ಎಂದೆ. ಇನ್ನೂ ಸುರಿದರೆ ಶ್ವಾಸಕೋಶಕ್ಕೆ ನೀರು ತುಂಬೀತೆಂದು ಅವರು ಸಲೈನ್ ಕಡಿಮೆ ಮಾಡಿಸಿದರು. ನಾಲ್ಕರವರೆಗೂ ನಾನು ಹಾಳೆಯಲ್ಲಿ ಹತ್ತು ಹತ್ತು ಎಂದೇ ಬರೆದೆ.

ಅಳೆಯುವ ಮೊದಲು ಮಾಡಬೇಕಾದ ಕೆಲಸ ಒಂದೇ. ಹೃದಯದ ಮಟ್ಟಕ್ಕೆ ರೋಗಿಯ ಪಕ್ಕೆಯ ಮೇಲೆ ಪೆನ್ನಿನಿಂದ ಹಾಕಿದ ಗುರುತೂ ಕೊಳವೆಯ ಸೊನ್ನೆಯೂ ಒಂದೇ ಎತ್ತರದಲ್ಲಿವೆಯೇ ಎಂದು ನೋಡುವುದು. ಹೊಸ ನರ್ಸುಗಳಿಗೆ ಇದನ್ನು ಬೈದು ಬೈದು ಕಲಿಸಿದವಳು ನಾನು. ಅಂದು ನೋಡಲಿಲ್ಲ. ಕೌದಿ ಅವನನ್ನು ನಾಲ್ಕು ಬೆರಳು ಮೇಲಕ್ಕೆತ್ತಿತ್ತು. ಅವನ ಎದೆ ಏರಿದಷ್ಟೂ ಕೊಳವೆಯ ನೀರು ಸುಳ್ಳೇ ಏರಿತ್ತು.

ಸಂಜೆ ಐದಕ್ಕೆ ನೋಡಿದರೆ ಮಧ್ಯಾಹ್ನದಿಂದ ಮೂತ್ರದ ಚೀಲಕ್ಕೆ ಒಂದು ಹನಿಯೂ ಬಂದಿರಲಿಲ್ಲ. ಆಗ ಆ ಗುರುತು ಕಣ್ಣಿಗೆ ಬಿತ್ತು. ಕೌದಿಯನ್ನು ಎಳೆದು ಕೆಳಗೆ ಎಸೆದೆ. ಮತ್ತೆ ಅಳೆದರೆ ಎರಡು. ಎರಡೂ ಕೈಗೆ ಸಲೈನ್ ಹಚ್ಚಿದೆವು. ಮೂತ್ರಪಿಂಡಗಳು ಮತ್ತೆ ಕೆಲಸ ಮಾಡಲಿಲ್ಲ. ಮರುದಿನ ಮಧ್ಯಾಹ್ನ ಹೀರಪ್ಪ ತೀರಿಕೊಂಡ.

"ಹೇಗೂ ಉಳಿಯುತ್ತಿರಲಿಲ್ಲ, ಮಹಾದೇವಕ್ಕ," ಎಂದರು ಡಾಕ್ಟರು. ಇರಬಹುದು. ಆದರೆ ಆ ಮಾತು ನನಗೆ ತೀರ ಅನುಕೂಲದ್ದು, ಅದಕ್ಕೇ ನಂಬಿಕೆ ಬರಲಿಲ್ಲ.

ಚಂದ್ರಿಬಾಯಿ ನೆಲದ ಮೇಲೆ ಕೂತು ಕೌದಿ ಮಡಚುತ್ತಿದ್ದಳು. ಅಳುತ್ತಿರಲಿಲ್ಲ.

"ಕೌದಿ ಹಾಕಿದ ಮ್ಯಾಲೆ ನೀರ ಏರಿತ್ತಲ್ರಿ," ಎಂದಳು. "ನೀವು ಎಳದ ಒಗದ್ರಿ, ಇಳದ ಹೋತು. ಯಾಕ ಎಳದ್ರಿ ಅಕ್ಕಾರ?"

ನಿಜ ಹೇಳಬಹುದಿತ್ತು. ಹೇಳಿದರೆ ಅವಳು ಹಾಸಿದ ಕೌದಿಯೇ ಅವನ ಸಲೈನ್ ಕಡಿಮೆ ಮಾಡಿಸಿತು ಎಂದಂತೆ. ಅದೇ ಕೌದಿ ಹೊದ್ದು ಅವಳು ಇನ್ನೆಷ್ಟು ವರ್ಷ ಮಲಗಬೇಕೋ.

"ತಪ್ಪಾತವಾ," ಎಂದೆ. "ತಪ್ಪು ನಂದ."

"ಇನ್ನೊಂದಿನ ಹಂಗ ಬಿಟ್ಟಿದ್ರ ಉಳೀತಿದ್ರು."

ನಾನು ಹೌದು ಎಂದೆ. ಅವಳು ಕೌದಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೆಣದ ಹಿಂದೆ ಹೋದಳು. ಇನ್ನೊಬ್ಬ ಸತ್ತ ಆ ಹಾಸಿಗೆಗೆ ನಾನು ಹೊಸ ಚಾದರ ಹಾಸಿದೆ.