ತೋಪಿನ ಪರವಾಗಿ ಅಡ್ವಾನ್ಸ್ಡ್ ಇಂಗ್ಲಿಷ್

ನಮ್ಮ ಭಾವನ ಮಗ ವಸಂತ್ ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾನೆ. ಓದಲಿ, ಯಾರು ಬೇಡ ಅಂದರು? ಆದರೆ ಈ ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರದವರಿಗೇ ಅಂತ ಅಡ್ವಾನ್ಸ್ಡ್ ಇಂಗ್ಲಿಷ್ ಕ್ಲಾಸು ಶುರುವಾದ ಮೇಲೆ ಅವನ ಜೊತೆ ಏಗುವುದೇ ಕಷ್ಟವಾಯಿತು. ಮುದ್ದೆಗೆ ಸಾರು ಸಾಕೇನೋ ಅಂದರೆ ಸೂರು ನೋಡುತ್ತಾ, "ಒಂದು ದೃಷ್ಟಿಯಿಂದ ಸಾಕು ಅನ್ನಬಹುದು ಚಿಕ್ಕಮ್ಮ" ಅನ್ನುತ್ತಿದ್ದ. ದೊಡ್ಡ ವಿದ್ವಾಂಸರು ಹೌದು, ಇಲ್ಲ ಅಂತ ಬಾಯಿಬಿಟ್ಟು ಹೇಳುವುದೇ ಇಲ್ಲವಂತೆ. ಆ ಕ್ಲಾಸಿನ ಶ್ರೀಧರ್ ಮೇಷ್ಟ್ರು ಕಲಿಸಿದ್ದು. ನನಗಂತೂ ಸೌಟು ತಗೊಂಡು ಒಂದು ಬಿಡೋಣ ಅನ್ನಿಸುತ್ತಿತ್ತು.

ಅಷ್ಟರಲ್ಲಿ ನಮ್ಮೂರಿನ ಗುಂಡುತೋಪಿಗೆ ಕುತ್ತು ಬಂತು. ಬೂದಿಗೆರೆ ಸುತ್ತ ಹೊಲಗಳೆಲ್ಲ ಲೇಔಟಾಗುತ್ತಿವೆ, ನಮ್ಮೂರ ಹಿಂದೆಯೂ ಒಂದು ಎದ್ದಿದೆ. ಅದಕ್ಕೆ ದೊಡ್ಡ ರಸ್ತೆ ಬೇಕಂತೆ, ಆ ರಸ್ತೆ ನಮ್ಮ ಹುಣಸೆ, ಮಾವು, ನೇರಳೆ ಮರಗಳ ಮೇಲೆಯೇ ಹೋಗಬೇಕಂತೆ. ನನ್ನ ಎರಡು ಸೀಮೆಹಸು ಮಧ್ಯಾಹ್ನ ನಿಲ್ಲುವುದು ಆ ತೋಪಿನಲ್ಲಿ. ಬಿಸಿಲಿಗೆ ಬಿದ್ದರೆ ಸೀಮೆಹಸು ಹಾಲು ಕಡಿಮೆ ಮಾಡುತ್ತದೆ. ಡೇರಿಗೆ ಹಾಲು ಹೋಗದಿದ್ದರೆ ನಮ್ಮ ಮನೆ ನಡೆಯುವುದಿಲ್ಲ.

ಊರಿನವರ ಅಭಿಪ್ರಾಯ ಕೇಳಲು ಅಧಿಕಾರಿಯೊಬ್ಬರು ಬರುತ್ತಾರೆ, ಉತ್ತರ ಭಾರತದ ಕಡೆಯ ಹೆಣ್ಣುಮಗಳು ಅಂತ ಸುದ್ದಿ ಬಂತು. ಹಾಗಾದರೆ ಇಂಗ್ಲಿಷೇ ಬೇಕು ಅಂತ ಎಲ್ಲರೂ ತೀರ್ಮಾನಿಸಿದರು. ಆಯಮ್ಮನಿಗೆ ಕನ್ನಡ ಬರುತ್ತದೆಯೇ ಅಂತ ವಿಚಾರಿಸುವ ಬುದ್ಧಿ ಒಬ್ಬರಿಗಾದರೂ ಬರಬೇಡವೇ! ಊರಿನ ಯಜಮಾನರಾದ ಚಿಕ್ಕವೆಂಕಟಪ್ಪ ಮಾವ ಮಾರಮ್ಮನ ಗುಡಿ ಮುಂದೆ ವಸಂತನ ಕೈಗೆ ವೀಳ್ಯ ಕೊಟ್ಟರು. ನಮ್ಮಲ್ಲಿ ವೀಳ್ಯ ಹಿಡಿದವನ ಮಾತೇ ಊರಿನ ಮಾತು. ಆಮೇಲೆ ಬೇರೆಯವರು ಬಾಯಿ ಹಾಕಿದರೆ ಊರಿಗೇ ಅವಮಾನ.

"ತೋಪು ಬಿಡಾಕಿಲ್ಲ ಅಂತ ಹೇಳ್ಬುಡು ಕಣ್ಲಾ, ಅಷ್ಟೇಯ" ಅಂದರು ಮಾವ.

"ಅದನ್ನೇ ಸ್ವಲ್ಪ ಅಕಡೆಮಿಕ್ಕಾಗಿ ಹೇಳ್ತೀನಿ ತಾತ" ಅಂದ ಇವನು.

ಸಭೆಯ ದಿನ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮೇಜಿನ ಹಿಂದೆ ಅಧಿಕಾರಿ, ಪಕ್ಕದಲ್ಲಿ ಇಸ್ತ್ರಿ ಅಂಗಿಯ ಲೇಔಟಿನವನು. ವಸಂತ್ ಎದ್ದು ನಿಂತು ಶುರು ಮಾಡಿದ. ಅಬ್ಬಬ್ಬಾ, ಉಸಿರು ತೆಗೆದುಕೊಂಡನೋ ಇಲ್ಲವೋ! ಡೆಮಾಕ್ರಸಿ, ಡೆವಲಪ್ಮೆಂಟು ಎರಡು ಬಿಟ್ಟರೆ ನನಗೆ ಒಂದೂ ತಿಳಿಯಲಿಲ್ಲ. ಉದ್ದನೆಯ ಪದ ಬಿದ್ದಾಗಲೆಲ್ಲ ನಮ್ಮೂರ ಹುಡುಗ ಬೈರೇಶ್ ಶಿಳ್ಳೆ ಹೊಡೆದ. ಮುಗಿದಾಗ ಊರಿಗೆ ಊರೇ ಚಪ್ಪಾಳೆ ತಟ್ಟಿತು. ಲೇಔಟಿನವನೂ ತಟ್ಟಿದ, ನಮಗಿಂತ ಜೋರಾಗಿ. ಅವನು ಯಾಕೆ ತಟ್ಟುತ್ತಾನೆ ಅಂತ ನನಗೆ ಅನುಮಾನ ಬಂತು.

ಆಗ ಆ ಅಧಿಕಾರಿ ಅಚ್ಚುಕಟ್ಟಾದ ಕನ್ನಡದಲ್ಲಿ ಕೇಳಿದರು: "ಬೇರೆ ಯಾರಾದರೂ ಮಾತಾಡ್ತೀರಾ? ಕನ್ನಡದಲ್ಲೇ ಹೇಳಿ, ಪರವಾಗಿಲ್ಲ."

ನಾನು ದಡಕ್ಕನೆ ಎದ್ದೆ. ಮಾವ ಕಣ್ಣು ಬಿಟ್ಟರು. "ಕೂತ್ಕೊಳಮ್ಮ ಶಶಿರೇಖಾ! ಈಳ್ಯ ಕೊಟ್ಟಾಗೈತೆ."

ಹಾಳಾದ ಮರ್ಯಾದೆ, ಕೂತುಬಿಟ್ಟೆ. ಅಧಿಕಾರಿ ಮತ್ತೊಮ್ಮೆ ಕೇಳಿದರು. ಮಾವ ಎದೆಯುಬ್ಬಿಸಿ ಕೈಮುಗಿದರು: "ಇನ್ನೇನೂ ಇಲ್ಲ ತಾಯಿ. ನಮ್ ಹುಡ್ಗ ಏನ್ ಯೋಳಿದ್ನೋ ಅದೇ ನಮ್ಮೂರ್ ಮಾತು."

ಅಧಿಕಾರಿ ಅದನ್ನು ಬರೆದುಕೊಂಡು ಜೀಪು ಹತ್ತಿದರು. ನಾನು ವಸಂತನನ್ನು ಕಂಬದ ಮರೆಗೆ ಎಳೆದೆ.

"ಏನಂದ್ಯೋ ಅವ್ರಿಗೆ? ಕನ್ನಡದಲ್ಲಿ ಹೇಳು."

"ತೋಪು ಗ್ರಾಮಕ್ಕೆ ಒಂದು ಮಟ್ಟಿಗೆ ಮುಖ್ಯ ಅಂತ ವಾದಿಸಬಹುದು. ಆದ್ರೆ ಅಭಿವೃದ್ಧಿ ದೃಷ್ಟಿಯಿಂದ ರಸ್ತೆಯ ಅಗತ್ಯವನ್ನೂ ಅಲ್ಲಗಳೆಯಲಾಗದು. ಎರಡಕ್ಕೂ ತಮ್ಮದೇ ಆದ ಸಮರ್ಥನೆ..."

"ಬೇಡ ಅಂದ್ಯೋ, ಇಲ್ವೋ?"

"ಹಂಗೆ ನೇರವಾಗಿ ಅಂದ್ರೆ ಅದು ಬೇಸಿಕ್ ಇಂಗ್ಲಿಷ್ ಆಗುತ್ತೆ ಚಿಕ್ಕಮ್ಮ. ನಾನು ಮಾತಾಡಿದ್ದು ಅಡ್ವಾನ್ಸ್ಡ್."

ಚಪ್ಪಲಿ ಬಿಟ್ಟು ಜೀಪಿನ ಹಿಂದೆ ಓಡಿದೆ. ಬೂದಿಗೆರೆ ತಿರುವಿನವರೆಗೂ ಕೂಗಿಕೊಂಡು ಓಡಿದೆ. ನಿಲ್ಲಿಸಲಿಲ್ಲ. ಆಮೇಲೆ ಕಚೇರಿಗೂ ಹೋದೆವು. ಊರಿನವರೇ ಅಡ್ಡಿಯಿಲ್ಲ ಅಂದಿದ್ದಾರಲ್ಲ, ಅದೂ ಅಷ್ಟು ಚೆನ್ನಾಗಿ ಅಂದಿದ್ದಾರಲ್ಲ, ಅಂತ ಅಲ್ಲಿಯ ಗುಮಾಸ್ತ ನಕ್ಕ.

ಮರ ಕಡಿಯುವವರು ಬಂದ ದಿನ ನಾನು ಹಸುಗಳ ಹಗ್ಗ ಹಿಡಿದು ಉರಿಬಿಸಿಲಿನಲ್ಲಿ ನಿಂತಿದ್ದೆ. ದೊಡ್ಡ ಹುಣಸೆ ಆಗಲೇ ಉರುಳಿತ್ತು. ವಸಂತ್ ಕಾಲೇಜಿನಿಂದ ಕುಣಿಯುತ್ತಾ ಬಂದ.

"ಚಿಕ್ಕಮ್ಮ, ಸಭೆಯಲ್ಲಿ ಮಾತಾಡಿದ್ದನ್ನ ಬರೆದು ಮೇಷ್ಟ್ರಿಗೆ ತೋರಿಸ್ದೆ. ಕ್ಲಾಸಿಗೇ ಹೆಚ್ಚು ಮಾರ್ಕ್ಸ್ ನಂಗೇ! ಎರಡೂ ಕಡೆ ಸಮವಾಗಿ ತೂಗಿದ್ದೀಯ ಅಂದ್ರು."

ಹಗ್ಗ ಅವನ ಕೈಗೆ ತುರುಕಿದೆ.

"ಹಂಗಾದ್ರೆ ಆ ಗರಗಸದವ್ನಿಗೂ ಹೋಗಿ ಹೇಳಪ್ಪಾ. ಎರಡೂ ಕಡೆ ಸಮವಾಗಿರ್ಲಿ, ಒಂದೊಂದು ಮರಾನೂ ಅರ್ಧರ್ಧ ಕಡಿಯಯ್ಯಾ ಅನ್ನು. ಉಳಿದರ್ಧದ ನೆರಳಲ್ಲಿ ನನ್ ಹಸು ಕಟ್ಕೋತೀನಿ."