ಲಾಳ ಹೊಡೆಯುವವಳ ಪಿಸ್ತೂಲು

ಒಕ್ಲಹೋಮದ ಊರೂರು ಸುತ್ತಿ ಕುದುರೆಗಳಿಗೆ ಲಾಳ ಹೊಡೆಯುವ ವರ್ನಾ, ಅಂಗಿಯ ಮರೆಯಲ್ಲಿ ಇಟ್ಟುಕೊಳ್ಳುವಂಥ ಪಿಸ್ತೂಲು ಕೊಳ್ಳಲು ಗಂಡ ಡೆಲ್ಬರ್ಟನ ಜೊತೆ ಹಾಲಿಸ್ ಎಂಬುವನ ಬಂದೂಕಿನ ಅಂಗಡಿಗೆ ಬಂದಳು. ದೂರದ ದಾರಿಯಲ್ಲಿ ಒಂಟಿಯಾಗಿ ತಿರುಗುವವಳಿಗೆ ಅದೊಂದು ಧೈರ್ಯ.

ಅಂಗಡಿಯ ಹಿಂದಿನ ಬಯಲಿನಲ್ಲಿ ಎರಡು ಪಿಸ್ತೂಲುಗಳನ್ನು ಹಾರಿಸಿ ನೋಡಿದಳು. ಡೆಲ್ಬರ್ಟ್ ಮೆಚ್ಚಿದ್ದ ಹಗುರವಾದ ಪ್ಲಾಸ್ಟಿಕ್ ಮೈಯ ಪಿಸ್ತೂಲು ಅವಳ ಕೈಯಲ್ಲಿ ಮೇಕೆಮರಿಯಂತೆ ನೆಗೆಯಿತು. ಉಕ್ಕಿನ ಮೈಯ ಪುಟ್ಟದು ಹೆಚ್ಚು ಅಲುಗಲಿಲ್ಲ. ಗುಂಡು ಗುರಿಯ ನಡುವಿಗೇ ಬಿತ್ತು.

"ಅದು ಭಾರ ಕಣೇ. ದಿನವೆಲ್ಲಾ ಸೊಂಟದಲ್ಲಿ ಹೊತ್ಕೊಂಡು ತಿರುಗ್ತೀಯಾ?" ಎಂದ ಡೆಲ್ಬರ್ಟ್.

"ನಿನ್ನನ್ನ ಇಷ್ಟು ವರ್ಷ ಹೊತ್ತಿಲ್ವಾ? ಬಾ ಒಳಗೆ."

ಒಳಗೆ ಬಂದು, ಗುಂಡು ತೆಗೆದ ಉಕ್ಕಿನ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಅಂಗಿ ಇಳಿಬಿಟ್ಟಳು. ಆಮೇಲೆ ಗಂಡನ ಕಾಲನ್ನು ಹಿಂದಕ್ಕೆ ಎತ್ತಿ, ಲಾಳ ಹೊಡೆಯುವಾಗ ಕುದುರೆಯ ಗೊರಸು ಹಿಡಿಯುವಂತೆ ಮಂಡಿಗಳ ನಡುವೆ ಅದುಮಿ ಬಗ್ಗಿದಳು. ಅವನು ಬೀಳದಂತೆ ಗಾಜಿನ ಕಪಾಟನ್ನು ತಬ್ಬಿಕೊಂಡ.

"ಕಾಣಿಸ್ತಿದೆಯಾ ಹಾಲಿಸ್?"

ಹಾಲಿಸ್ ಅವಳ ಸುತ್ತ ಒಂದು ಸುತ್ತು ಬಂದ. "ಪಿಸ್ತೂಲು ಎಲ್ಲೂ ಕಾಣ್ತಿಲ್ಲಮ್ಮ. ಆದ್ರೆ ಕುದುರೆ ಹಠಮಾರಿ ಅನ್ಸುತ್ತೆ."

"ಈ ಪಿಸ್ತೂಲೇ ಕೊಡು. ಕುದುರೆ ಅಂತೂ ಬೇರೇದು ಸಿಗಲ್ಲ" ಎಂದು ವರ್ನಾ ನಗುತ್ತ ಗಂಡನ ಕಾಲು ಬಿಟ್ಟಳು.