ಬಕೆಟ್ಟು ಬಿದ್ದ ಲೆಕ್ಕ

"ಟೇಪು ಸಡಿಲ ಬಿಡಬೇಡಿ," ಎಂದರು ಮೇಸ್ತ್ರಿಯ ಅತ್ತೆ.

ಐದನೇ ಮಹಡಿಯ ಹಲಗೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮೇಸ್ತ್ರಿ ಟೇಪನ್ನು ಬಿಗಿಹಿಡಿದ. ಕೆಳಗೆ ಬಕೆಟ್ಟು ಮೇಲಕ್ಕೆ ಎಳೆಯುವ ಮೆಷಿನ್ನಿನವನು ಇನ್ನೊಂದು ತುದಿ ಹಿಡಿದು ಕೂಗಿದ: "ಹದಿನೇಳು ಪಾಯಿಂಟ್ ಆರು ಮೀಟರ್!"

ನಿನ್ನೆ ಇದೇ ಹಲಗೆಯ ಎತ್ತರದಿಂದ ಗಾರೆ ತುಂಬಿದ ಬಕೆಟ್ಟು ಬಿದ್ದು ಎಂಜಿನಿಯರನ ಬೈಕು ಅಪ್ಪಚ್ಚಿಯಾಗಿತ್ತು. ಆತ ಆಗಷ್ಟೇ ಇಳಿದು ಎರಡು ಹೆಜ್ಜೆ ಹಾಕಿದ್ದ. ನಿನ್ನೆ ಬೆಳಿಗ್ಗೆಯಷ್ಟೇ ಅವನು, ಮೇಸ್ತ್ರಿ ಕಟ್ಟಿದ ಗೋಡೆಯನ್ನು ಎಲ್ಲರೆದುರು ಮೇಸ್ತ್ರಿಯ ಕೈಯಿಂದಲೇ ಕೆಡವಿಸಿದ್ದ. "ಇವನ ತಲೆ ಮೇಲೆ ಏನಾದ್ರೂ ಬೀಳಬಾರದಾ" ಎಂದು ಮೇಸ್ತ್ರಿ ಗೊಣಗಿದ್ದು ಹತ್ತು ಜನರ ಕಿವಿಗೆ ಬಿದ್ದಿತ್ತು. ಮೆಷಿನ್ನು ನಿಂತಿತ್ತು, ಬಕೆಟ್ಟು ಮೇಸ್ತ್ರಿಯ ಕೈ ಸೇರಿತ್ತು ಎಂದು ಮೆಷಿನ್ನಿನವನು ಹೇಳಿದ್ದ. ಗೇಟಿನ ಸಿಸಿ ಕ್ಯಾಮೆರಾಕ್ಕೆ ಮೇಲಿನದೇನೂ ಕಂಡಿರಲಿಲ್ಲ. ಅದರಲ್ಲಿ ಕೇಳಿದ್ದು ಬಕೆಟ್ಟಿನ ಕೊಕ್ಕೆ ಕಳಚಿದ ಸದ್ದು, ಎರಡು ಸೆಕೆಂಡಿನ ಮೇಲೆ ಬಕೆಟ್ಟು ಬಿದ್ದ ಸದ್ದು, ಅಷ್ಟೇ. ಎಂಜಿನಿಯರ್ ಲೆಕ್ಕ ಹಾಕಿ ಬರೆದಿದ್ದ: ಆರಂಭದ ವೇಗ ಸೆಕೆಂಡಿಗೆ ಒಂದು ಮೀಟರ್, ಬಕೆಟ್ಟು ಜಾರಿದ್ದಲ್ಲ, ನೂಕಿದ್ದು. ಇವತ್ತು ಆ ಕಾಗದ ಪೊಲೀಸರಿಗೆ ಹೋಗುವುದಿತ್ತು.

ಮೇಸ್ತ್ರಿ ಯಾರಿಗೂ ಹೇಳದ ಮಾತೊಂದಿತ್ತು. ತಾನು ನೂಕಿದೆನೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಬಕೆಟ್ಟಿಗೆ ಕೈ ಚಾಚಿದ್ದು ನೆನಪಿತ್ತು, ಮೈಯೆಲ್ಲ ಸಿಟ್ಟು ತುಂಬಿದ್ದು ನೆನಪಿತ್ತು. ಕೈ ಮುಟ್ಟಿತ್ತೇ? ರಾತ್ರಿಯಿಡೀ ಅದನ್ನೇ ಕೇಳಿಕೊಂಡು ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಹೆಂಡತಿಗೆ "ನಾನು ನೂಕಿಲ್ಲ" ಎಂದು ಆಣೆ ಮಾಡಿದ್ದ. ತನಗೆ ತಾನೇ ಹಾಗೆ ಹೇಳಿಕೊಳ್ಳಲು ಧೈರ್ಯ ಬಂದಿರಲಿಲ್ಲ.

ಅತ್ತೆ ಮಾತ್ರ ಏನನ್ನೂ ಕೇಳಲಿಲ್ಲ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಮಗಳು ಗಾರೆ ಕೆಲಸದವನನ್ನು ಕಟ್ಟಿಕೊಂಡಳೆಂದು ಒಂದು ವರ್ಷ ಮಾತು ಬಿಟ್ಟವರು. ಈಗಲೂ ಅಳಿಯನನ್ನು ಮಾತಾಡಿಸುವುದು ಶಾಲೆಗೆ ಬಂದ ಇನ್ಸ್‌ಪೆಕ್ಟರನನ್ನು ಮಾತಾಡಿಸಿದಷ್ಟೇ ಬಿಗುವಾಗಿ. ರಾತ್ರಿ ಅಳಿಯ ತಂದಿದ್ದ ಆ ಕಾಗದದ ನಕಲು ಓದಿ ಮುಗಿಸಿ, "ಬೆಳಿಗ್ಗೆ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಿ," ಎಂದಿದ್ದರು.

ಎಂಜಿನಿಯರ್ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದ. "ಮೇಡಂ, ಲೆಕ್ಕದಲ್ಲಿ ತಪ್ಪಿಲ್ಲ. ಎರಡು ಸಲ ಮಾಡಿದೀನಿ."

"ಎರಡು ಸಲಾನೂ ಮೈನಸ್ ಬಂತಾ?"

ಅವನ ಮುಖ ಕೆಂಪಾಯಿತು. "ಬಂತು. ವೇಗ ಎಲ್ಲಾದ್ರೂ ಸೊನ್ನೆಗಿಂತ ಕಮ್ಮಿ ಇರುತ್ತಾ, ಎಲ್ಲೋ ಹಿಂದುಮುಂದು ಆಗಿದೆ ಅಂತ ತೆಗೆದುಬಿಟ್ಟೆ."

ಅತ್ತೆ ಮೇಸ್ತ್ರಿಯ ಕಿವಿಯ ಮೇಲಿದ್ದ ಪೆನ್ಸಿಲನ್ನು ಎಳೆದುಕೊಂಡು ಗೋಡೆಯ ಮೇಲೆ ಬರೆದರು. "ಸುಮ್ಮನೆ ಕೈಬಿಟ್ಟ ಬಕೆಟ್ಟು ಎರಡು ಸೆಕೆಂಡಲ್ಲಿ ಹತ್ತೊಂಬತ್ತು ಪಾಯಿಂಟ್ ಆರು ಮೀಟರ್ ಇಳಿಯುತ್ತೆ. ಕೆಳಕ್ಕೆ ನೂಕಿದ್ರೆ ಇನ್ನೂ ಹೆಚ್ಚು. ಇದು ಇಳಿದದ್ದು ಹದಿನೇಳು ಪಾಯಿಂಟ್ ಆರು. ಉಳಿದ ಎರಡು ಮೀಟರ್ ಎಲ್ಲಿ ಹೋಯ್ತಪ್ಪಾ?"

ಎಂಜಿನಿಯರ್ ಗೋಡೆ ನೋಡಿದ. ತುಟಿ ಅಲ್ಲಾಡಿತು. "ಅದು... ಕಳಚಿದಾಗ ಮೇಲಕ್ಕೆ ಹೋಗ್ತಾ ಇತ್ತು."

"ಸೆಕೆಂಡಿಗೆ ಒಂದು ಮೀಟರ್, ಮೇಲಕ್ಕೆ. ಮೆಷಿನ್ ಇನ್ನೂ ಎಳೀತಾನೇ ಇತ್ತು, ಕೊಕ್ಕೆ ಕಳಚ್ಕೊಂಡಿದೆ. ಇವರ ಕೈಗೆ ಅದು ಬಂದೇ ಇಲ್ಲ." ಅತ್ತೆ ಅಂಚಿಗೆ ಬಗ್ಗಿ ಕೂಗಿದರು: "ಏನಯ್ಯಾ, ನಿನ್ನೆ ಮೆಷಿನ್ ನಿಲ್ಲಿಸಿದ್ದೆ ತಾನೇ?"

ಕೆಳಗಿನವನು ತಲೆ ಕೆರೆದುಕೊಂಡ. "ನಿಲ್ಲಿಸ್ತಾ ಇದ್ದೆ ಅಮ್ಮಾ... ಇನ್ನೇನು ನಿಲ್ಲಿಸ್ಬೇಕು, ಅಷ್ಟರಲ್ಲಿ..."

ಮೇಸ್ತ್ರಿ ಅಲ್ಲೇ ಇಟ್ಟಿಗೆಯ ರಾಶಿಯ ಮೇಲೆ ಕೂತ. ಅಳು ಬಂತು, ನಗುವೂ ಬಂತು. ಎಂಜಿನಿಯರ್ ಕಾಗದವನ್ನು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡ. "ತಪ್ಪಾಯ್ತು ಮೇಸ್ತ್ರಿ. ಕೊಕ್ಕೆ ಇವತ್ತೇ ಬದಲಾಯಿಸ್ತೀನಿ," ಎಂದು ಅವನ ಮುಖ ನೋಡಲಾಗದೆ ಕೆಳಗಿಳಿದ.

ಇಬ್ಬರೇ ಉಳಿದಾಗ ಮೇಸ್ತ್ರಿ ಮೆಲ್ಲಗೆ ಹೇಳಿದ: "ಅತ್ತೆ, ನೂಕಿದ್ನೋ ಇಲ್ವೋ, ನನಗೇ ಗೊತ್ತಿರಲಿಲ್ಲ."

"ನಿಮಗೆ ಗೊತ್ತಿಲ್ಲ ಅನ್ನೋದು ನನಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ."

ಅತ್ತೆ ಮೆಟ್ಟಿಲ ಬಾಯಿಗೆ ಬಂದು ನಿಂತರು. ಮೆಟ್ಟಿಲಿಗೆ ಇನ್ನೂ ಕಂಬಿ ಹಾಕಿರಲಿಲ್ಲ. ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಐದು ಮಹಡಿಯ ಬಯಲು. ಅವರು ಸೆರಗು ಸಿಕ್ಕಿಸಿಕೊಂಡು, ತಿರುಗಿ ನೋಡದೆಯೇ, ಒಂದು ಕೈಯನ್ನು ಹಿಂದಕ್ಕೆ ಚಾಚಿದರು.

ಮೇಸ್ತ್ರಿ ತನ್ನ ಗಾರೆ ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು, ಆ ಕೈಯನ್ನು ಹಿಡಿದುಕೊಂಡ.